ಖಾಕಿ ಹವಳದ ಹೆಪ್ಪು

ಕುಷ್ಟಗಿಯಿಂದ ಬಸ್ಸಿನಲ್ಲಿ ರಾತ್ರಿಯಿಡೀ ತೂಕಡಿಸುತ್ತ ಬಂದ ನೀಲಪ್ಪ, ಸೋಮವಾರ ಬೆಳಿಗ್ಗೆ ಏಳೂವರೆಗೆ ಮಹದೇವಪುರದ ಒಂಬತ್ತು ಅಂತಸ್ತಿನ ಗಾಜಿನ ಕಟ್ಟಡವನ್ನು ಹೊಕ್ಕಾಗ ಅವನ ಅಂಗಿಯ ಜೇಬಿನ ತುಂಬ ಬನ್ನಿಯ ಎಲೆಗಳಿದ್ದವು. ದಸರೆ ಮುಗಿದು ನಾಲ್ಕು ದಿನವಾಗಿದ್ದರೂ ಊರಿನ ಬನ್ನಿಯನ್ನು ಕಂಪನಿಯವರಿಗೆಲ್ಲ ಹಂಚಬೇಕೆಂಬುದು ಅವನ ಹಂಬಲ. ಮೊದಲ ಎಲೆ ಯಾರಿಗೆಂಬುದನ್ನೂ ಬಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದ: ಅದು ಕಡಲಿಗೆ.

ಬಯಲುಸೀಮೆಯಲ್ಲಿ ಹುಟ್ಟಿದ ನೀಲಪ್ಪ ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ನಿಜವಾದ ಕಡಲನ್ನು ಕಂಡವನಲ್ಲ. ಅವನ ಪಾಲಿಗೆ ಕಡಲೆಂದರೆ ಕಟ್ಟಡದ ಮುಂಭಾಗದ ಹಾಲಿನಲ್ಲಿ ಗೋಡೆಯುದ್ದಕ್ಕೂ ನಿಂತಿದ್ದ ಹನ್ನೆರಡು ಅಡಿಯ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ನೀರಿನೊಳಗೆ ಹಸಿರು, ನೇರಳೆ, ಗುಲಾಬಿ ಬಣ್ಣದ ಜೀವಂತ ಹವಳ, ಹವಳದ ನಡುವೆ ಕಿತ್ತಳೆ ಬಣ್ಣದ ಎರಡು ಮೀನು. ಈ ಕಟ್ಟಡ ಏಳುವಾಗ ಕಬ್ಬಿಣದ ಸರಳು ಹೊತ್ತವನು ನೀಲಪ್ಪ. ಕಟ್ಟಡ ಎದ್ದು ನಿಂತ ಮೇಲೆ ಇಲ್ಲಿಯೇ ರಿಪೇರಿ ಕೆಲಸಕ್ಕೆ ಸೇರಿ, ನಾಲ್ಕು ವರ್ಷಗಳಿಂದ ಈ ತೊಟ್ಟಿಯ ಉಸ್ತುವಾರಿಯನ್ನೂ ಹೊತ್ತಿದ್ದ. ಬೆಳಿಗ್ಗೆ ಬಂದವನೇ ಆವಿಯಾದಷ್ಟು ಸಿಹಿನೀರನ್ನು ತುಂಬಿ, ಶಾಖ ನೋಡಿ, ರಿಜಿಸ್ಟರಿನಲ್ಲಿ ದುಂಡಗಿನ ಅಕ್ಷರಗಳಲ್ಲಿ ‘೨೫.೫’ ಎಂದು ಬರೆಯುವುದು ಅವನ ದಿನದ ಮೊದಲ ಕೆಲಸ, ಮೊದಲ ಸಂತೋಷ.

ಅಂದು ತೊಟ್ಟಿಯ ಮುಂದೆ ಬಂದು ನಿಂತ ನೀಲಪ್ಪನ ಕೈ ಜೇಬಿನಲ್ಲೇ ಉಳಿಯಿತು.

ಹವಳವೆಲ್ಲ ಬೆಳ್ಳಗಾಗಿತ್ತು. ಬೂದಿಯ ಬಿಳುಪಲ್ಲ, ಹಾಲಿನ ಬಿಳುಪೂ ಅಲ್ಲ. ಒಣಗಿದ ಎಲುಬಿನ ಬಿಳುಪು. ನೀರು ಹರಿಯುತ್ತಿತ್ತು, ಮೇಲೆ ದೀಪ ಉರಿಯುತ್ತಿತ್ತು, ಎರಡು ಮೀನುಗಳು ಏನೂ ಆಗಿಲ್ಲವೆಂಬಂತೆ ಸುತ್ತುತ್ತಿದ್ದವು. ಶಾಖಮಾಪಕ ಮಾತ್ರ ಮೂವತ್ತೆರಡೂವರೆ ತೋರಿಸುತ್ತಿತ್ತು.

“ಏನ್ ನೀಲಪ್ಪ, ಊರ್ಗೋಗೋ ಮುಂಚೆ ಸುಣ್ಣ ಬಳ್ದ್ಬುಟ್ಟು ಓಗಿದ್ದಾ?” ಎನ್ನುತ್ತ ಗೇಟಿನ ಕಾವಲುಗಾರ ಚಿಕ್ಕಬೈರಪ್ಪ ಹಿಂದಿನಿಂದ ಬಂದ. ಈ ಕಟ್ಟಡ ಎದ್ದದ್ದು ಅವನ ತಾತನ ರಾಗಿ ಹೊಲದ ಮೇಲೆ. ಹಾಗಾಗಿ ಇಲ್ಲಿನ ಯಾವುದರ ಬಗ್ಗೆಯೂ ಅಭಿಪ್ರಾಯ ಹೇಳುವ ಹಕ್ಕು ತನಗಿದೆಯೆಂದು ಅವನು ನಂಬಿದ್ದ. ನೀಲಪ್ಪನ ಮುಖ ಕಂಡೊಡನೆ ಅವನ ನಗೆ ಅಡಗಿತು. “ಯಾಕಪ್ಪಾ, ಸತ್ತೋದ್ವಾ?”

ನೀಲಪ್ಪ ಮಂಡಿಯೂರಿ ತೊಟ್ಟಿಯ ಕೆಳಗಿನ ಬಾಗಿಲನ್ನು ತೆರೆದ. ಒಳಗೆ ನೀರನ್ನು ತಂಪಾಗಿಡುವ ಚಿಲ್ಲರ್ ಯಂತ್ರ, ಹಣೆಗೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಬಾಡಿದ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ಹಬ್ಬದ ಮನೆಯ ಅಳಿಯನಂತೆ ಸುಮ್ಮನೆ ಕುಳಿತಿತ್ತು. ಅದನ್ನು ಅಲಂಕರಿಸಿದ್ದು ಅವನೇ. ಸ್ವಿಚ್ಚು ಆರಿಸಿದ್ದೂ ಅವನೇ.

ಖಂಡೇಪೂಜೆಯ ದಿನ ಪೂಜೆಗೊಂಡ ನೇಗಿಲು, ಕುಡಗೋಲುಗಳನ್ನು ಬನ್ನಿ ಮುಡಿಯುವ ತನಕ ಕೆಲಸಕ್ಕೆ ಮುಟ್ಟಬಾರದೆಂಬುದು ಅವನ ಮನೆತನದ ಕಟ್ಟಳೆ. ನೀರು ಹರಿಸುವ ಪಂಪು ಮೀನಿನ ಉಸಿರು, ಅದನ್ನು ನಿಲ್ಲಿಸುವಂತಿಲ್ಲ. ದೀಪದ ಬೀಗದ ಕೈ ಅವನಲ್ಲಿಲ್ಲ. ಹಗಲಿರುಳು ಗುರುಗುಟ್ಟುತ್ತ ದುಡಿಯುವ ಚಿಲ್ಲರ್ ಒಂದಕ್ಕಾದರೂ ವಿಶ್ರಾಂತಿ ಸಿಗಲಿ, ಹೇಗೂ ಹಾಲಿನ ಏಸಿ ಮಂಜಿನಂತೆ ಕೊರೆಯುತ್ತಿರುತ್ತದೆ ಎಂದುಕೊಂಡು ಅವನು ಊರಿನ ಬಸ್ಸು ಹತ್ತಿದ್ದ.

ಎಂಟೂವರೆಗೆ ಮ್ಯಾನೇಜರ್ ಅಮರೇಶ್ ಬಂದ. ದಾವಣಗೆರೆಯವನು, ಕಟ್ಟಡದ ದೀಪ, ನೀರು, ಲಿಫ್ಟು, ಕಸಬರಿಕೆ ಎಲ್ಲವೂ ಅವನ ಸುಪರ್ದಿನಲ್ಲಿದ್ದವು.

“ಏನ್ರೀ ಇದು? ಯಾರ್ರೀ ಬ್ಲೀಚಿಂಗ್ ಪೌಡರ್ ಹಾಕಿದ್ದು?”

“ಯಾರೂ ಹಾಕಿಲ್ಲ ಸಾರ್. ಚಿಲ್ಲರ್ ನಾನ ಬಂದ್ ಮಾಡಿದ್ದೆ. ಖಂಡೇಪೂಜಿ ಇತ್ತಲ್ರಿ... ಐದು ದಿನ ಅದು ಬಂದ್ ಇತ್ರಿ.”

“ಪೂಜೆ ಅಂತ ಚಿಲ್ಲರ್ ಆಫ್ ಮಾಡೋದಾ? ತಲೆ ಇದೆಯೇನ್ರೀ ನಿಮಗೆ?”

ಚಿಕ್ಕಬೈರಪ್ಪ ಗಂಟಲು ಸರಿಮಾಡಿಕೊಂಡ. “ಸಾ, ತಪ್ಪು ತಿಳ್ಕಾಬೇಡಿ. ಈ ಏಸಿ ಆಪ್ ಮಾಡ್ಸಿದ್ದು ನೀವೇ ಅಲ್ವಾ? ಕುಂಬಳಕಾಯಿ ಒಡ್ದು, ‘ಸರ್ವರ್ ಒಂದ್ ಬಿಟ್ಟು ಎಲ್ಲಾ ಮಿಸಿನ್ನೂ ಸೋಮ್ವಾರದ ಗಂಟ ಮನೀಕೊಳ್ಳಲಿ’ ಅಂದ್ರಿ. ನಾನು ಪಕ್ಕದಾಗೇ ನಿಂತಿದ್ದೆ, ಚೂರು ಕುಂಬಳಕಾಯಿ ನನ್ ಬೂಟ್ ಮ್ಯಾಲೇ ಬಿತ್ತು.”

ಅಮರೇಶ್ ಫೋನು ಹಿಡಿದು ಆಚೆ ಸರಿದ. ಬಾಗಿಲು ಮುಚ್ಚಿದ ಗಾಜಿನ ಹಾಲು, ಪಡುವಣ ಬಿಸಿಲು, ಮೇಲೆ ಉರಿಯುವ ದೀಪ, ಕೆಳಗೆ ವಿಶ್ರಮಿಸುವ ಚಿಲ್ಲರ್. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇಬ್ಬರು ಭಕ್ತರು ಸೇರಿ ಒಂದು ಕಡಲನ್ನು ಕುದಿಸಿದ್ದರು. ಮರಳಿ ಬಂದಾಗ ಅಮರೇಶನ ದನಿ ಇಳಿದಿತ್ತು. “ಆಯ್ತು, ಆಗಿದ್ದು ಆಯ್ತು. ತೊಟ್ಟಿ ಮಾರಿದವನಿಗೆ ಫೋನ್ ಮಾಡಿದೆ. ಸತ್ತಿದೆ, ತೆಗೆದು ಬಿಸಾಕಿ ಅಂದ. ಪ್ಲಾಸ್ಟಿಕ್ ಹವಳ ಸಿಗುತ್ತಂತೆ, ಏಳು ಬಣ್ಣದ ಲೈಟ್, ನೀರೂ ಬೇಡ, ನೀವೂ ಬೇಡ. ನವೆಂಬರ್ ಒಂದಕ್ಕೆ ರಾಜ್ಯೋತ್ಸವ, ಎಲ್ಲರ ಫ್ಯಾಮಿಲಿನೂ ಬರ್ತಾರೆ. ಅವರೆದುರು ಈ ಸ್ಮಶಾನ ಇಡಕ್ಕಾಗಲ್ಲ.”

“ಅಲ್ಲೀಮಟಾ ಬಿಡ್ರಿ ಸಾರ್,” ಎಂದ ನೀಲಪ್ಪ. “ಜೀವ ಬಂತಂದ್ರ ಇಡ್ರಿ, ಬರಲಿಲ್ಲಂದ್ರ ನಾನ ಹೊತ್ತೊಯ್ದು ಹಾಕ್ತೀನಿ.”

“ಅಕ್ಟೋಬರ್ ಮೂವತ್ತೊಂದು ಬೆಳಿಗ್ಗೆ ತನಕ. ಅಷ್ಟೇ.”

ಬೇರೊಬ್ಬನಾಗಿದ್ದರೆ ಕೂಡಲೇ ಚಿಲ್ಲರನ್ನು ಪೂರ್ತಿ ತಿರುಗಿಸಿಬಿಡುತ್ತಿದ್ದ. ಜ್ವರ ಬಂದ ಕೂಸಿನ ಮೇಲೆ ತಣ್ಣೀರು ಸುರಿಯಬಾರದೆಂದು ಬಲ್ಲ ನೀಲಪ್ಪ ಮೊದಲು ಶಾಂಭವಿಗೆ ಫೋನು ಮಾಡಿದ. ತಿಂಗಳಿಗೊಮ್ಮೆ ನೀರಿನ ಪರೀಕ್ಷೆಗೆ ಬರುವ ಹುಡುಗಿ ಅವಳು. ಹುಟ್ಟಿದ್ದು ಕಲಬುರಗಿಯ ಬಿಸಿಲಿನಲ್ಲಿ, ಓದಿದ್ದು ಕಾರವಾರದ ಅಲೆಗಳ ಪಕ್ಕದಲ್ಲಿ, ಬದುಕುತ್ತಿರುವುದು ಸಿಂಗಸಂದ್ರದ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿ. “ದಿನಾ ಎರಡು ಡಿಗ್ರಿ ಮಾತ್ರ ಇಳಸ್ರಿ ಅಣ್ಣಾರ, ಒಮ್ಮೆಲೇ ಬ್ಯಾಡ. ನಾ ಬಂದೆ,” ಎಂದವಳು ಸಿಲ್ಕ್ ಬೋರ್ಡಿನ ವಾಹನ ಸಾಗರವನ್ನು ಈಜಿಕೊಂಡು ಹನ್ನೊಂದಕ್ಕೆ ಬಂದು ಮುಟ್ಟಿದಳು.

ಮುಟ್ಟಿದವಳೇ ಟಾರ್ಚು ಹಿಡಿದು ಒಂದೊಂದೇ ಹವಳವನ್ನು ಪರೀಕ್ಷಿಸಿದಳು. ನೀಲಪ್ಪ ವೈದ್ಯರ ಮುಂದೆ ನಿಂತ ತಂದೆಯಂತೆ ಕೈಕಟ್ಟಿ ನಿಂತ.

“ಸತ್ತಿಲ್ಲ,” ಎಂದಳು.

“ಮತ್ತ ಈ ಎಲುಬು?”

“ಎಲುಬು ಖರೇನೇ. ಹವಳದ ಮೈ ಗಾಜಿನಂಗ ಅದ ಅಣ್ಣಾರ, ಅದಕ್ಕ ಸ್ವಂತ ಬಣ್ಣ ಭಾಳ ಕಡಿಮಿ. ಮೈಯೊಳಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗಿಗೆ ಇರ್ತಾವ. ಬಣ್ಣಾನೂ ಅವರದೇ, ಅಡಿಗೀನೂ ಅವರದೇ. ಬೆಳಕಿನಾಗ ಅಡಿಗಿ ಮಾಡಿ ಮನಿ ಮಾಲಕರಿಗೂ ಉಣಸ್ತಾವ. ನೀರು ಮಿತಿ ಮೀರಿ ಕಾದರ ಆ ಅಡಿಗಿ ವಿಷ ಆಗ್ತದ. ಆಗ ಹವಳ ಬಾಡಿಗಿಯವರನ್ನ ಹೊರಗ ಹಾಕ್ತದ. ಈಗ ಖಾಲಿ ಮನಿಯೊಳಗ ಉಪವಾಸ ಕುಂತದ.”

ನೀಲಪ್ಪ ಪಕ್ಕದ ಹೂಡಿ ಬಡಾವಣೆಯಲ್ಲಿ ತಾನಿರುವ ಒಂದೇ ಕೋಣೆಯ ಮನೆಯನ್ನು ನೆನೆದ. “ನಮ್ಮ ಓನರ್ ನರಸಪ್ಪ ಹೊರಗ ಹಾಕ್ತೀನಂತ ಹೆದರಸ್ತಾನ, ಆದರ ಉಪವಾಸ ಕುಂತಿಲ್ಲ ಬಿಡ್ರಿ. ಬಾಡಿಗಿಯವರು ತಿರುಗಿ ಬರ್ತಾರೇನ್ರಿ ಅಕ್ಕಾರ?”

“ತಂಪಿದ್ದರ, ಬೆಳಕು ಕಡಿಮಿ ಇದ್ದರ, ಅಲ್ಲೀತನಕ ಇದು ಹಸಿವಿಗೆ ಸಾಯದಿದ್ದರ, ಬರಬಹುದು. ಕೋಡಿನಂಗ ಕವಲೊಡೆದವು ಉಳಿಯೋದು ಕಷ್ಟ. ಗುಂಡಗ ಮೆದುಳಿನಂಗ ಕಾಣ್ತಾವಲ್ಲ, ಅವು ಗಟ್ಟಿ ಮಂದಿ.” ಅವಳು ಟಾರ್ಚನ್ನು ಕೆಳಗಿಳಿಸಿದಳು. “ಓದೋವಾಗ ಲಕ್ಷದ್ವೀಪದಾಗ ನೀರಿಗೆ ಇಳಿದಿದ್ದೆ. ಕಣ್ಣು ಹಾಯಿಸಿದಷ್ಟು ದೂರ ಹಿಂಗೇ ಬೆಳ್ಳಗ. ನೀರಿನಾಗ ಹಾಕೋ ಮುಖವಾಡದೊಳಗ ಅತ್ತುಬಿಟ್ಟೆ.”

“ಅಲ್ಲಿ ಯಾರು ಸ್ವಿಚ್ ಆರಿಸಿದ್ರು?”

“ಎಲ್ಲರೂ ಸೇರಿ, ಅಣ್ಣಾರ. ಸ್ವಿಚ್ಚಿನ ಮ್ಯಾಲ ಯಾರ ಹೆಸರೂ ಇಲ್ಲ, ಅದೇ ತ್ರಾಸು.”

ಹೊರಡುವ ಮುನ್ನ ಅವಳ ಟಾರ್ಚು ಎಡ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಹವಳ, ಬಿರುಗಾಳಿ ತನ್ನ ಬೀದಿಗೆ ಬಂದೇ ಇಲ್ಲವೆಂಬಂತೆ, ಮೊದಲಿದ್ದ ಬಣ್ಣದಲ್ಲೇ ಕುಳಿತಿತ್ತು. ಬಣ್ಣವೆಂದರೆ ಪೊಲೀಸರ ಹಳೆಯ ಚಡ್ಡಿಯ ಖಾಕಿ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅಮರೇಶ್ ಅದನ್ನು ಎರಡು ಬಾರಿ ತೆಗೆಯಲು ಹೇಳಿದ್ದ. ನೀಲಪ್ಪ ಎರಡು ಬಾರಿಯೂ ಮರೆತವನಂತೆ ನಟಿಸಿದ್ದ.

“ಈ ಮೂಲಿಗೆ ಚಿಲ್ಲರಿನ ತಣ್ಣೀರು ಸರಿಯಾಗಿ ಬರಂಗಿಲ್ರಿ,” ಎಂದ ಅವನು. “ಮ್ಯಾಲ ದೀಪಾನೂ ಕೆಳಗ ಜೋತೈತಿ. ದಿನಾ ಮಧ್ಯಾಹ್ನ ಇಲ್ಲಿ ಎರಡು ಡಿಗ್ರಿ ಜಾಸ್ತಿ.”

ಶಾಂಭವಿಯ ಕಣ್ಣು ಹೊಳೆಯಿತು. “ಅದಕ್ಕೇ! ಕಡಲಿನಾಗೂ ಹಿಂಗೇ. ದಿನಾ ಒಂದಿಷ್ಟು ಕಾಯೋ ಹೊಂಡದೊಳಗ ಬೆಳೆದ ಹವಳ, ದೊಡ್ಡ ಬ್ಯಾಸಗಿ ಬಂದಾಗ ತಡಕೊಳ್ತದ. ರೂಢಿ ಆಗಿರ್ತದ.”

“ನಮ್ಮ ಕಡೆಯವ,” ಎಂದು ನೀಲಪ್ಪ ಗಾಜಿನ ಮೇಲೆ ಪ್ರೀತಿಯಿಂದ ತಟ್ಟಿದ. “ಬಿಸಿಲುಂಡವ.”

ಅಂದಿನಿಂದ ನೀಲಪ್ಪ ಹಾಲಿನಲ್ಲಿ ಓಡಾಡುವವರ ನಗೆಗೀಡಾದ. ನರ್ಸರಿಗಳಲ್ಲಿ ಸಸಿಗೆ ಹೊದಿಸುವ ಹಸಿರು ಬಲೆಯನ್ನು ತಂದು ದೀಪದ ಕೆಳಗೆ ಕಟ್ಟಿದ. ಸಂಜೆ ಐದಕ್ಕೆ ದೀಪ ಆರಿದೊಡನೆ, ಶಾಂಭವಿ ಕೊಟ್ಟ ಸೀಗಡಿ ಮರಿಗಳ ರಸವನ್ನು ಪಿಚಕಾರಿಯಲ್ಲಿ ಹಿಡಿದು, ಬೆಳ್ಳಗಾದ ಒಂದೊಂದು ಹವಳದ ಒಂದೊಂದು ಬಾಯಿಗೂ ತೊಟ್ಟು ತೊಟ್ಟಾಗಿ ಬಿಟ್ಟ. “ಬಾಣಂತನ ಮಾಡ್ತಾವ್ನೆ ನೋಡ್ರಪ್ಪಾ!” ಎಂದು ಚಿಕ್ಕಬೈರಪ್ಪ ಲಿಫ್ಟಿಗೆ ಕಾಯುವವರಿಗೆಲ್ಲ ಸಾರಿದ. ಸೀಗಡಿಯ ಡಬ್ಬಿಯನ್ನು ಪ್ಯಾಂಟ್ರಿಯ ಫ್ರಿಜ್ಜಿನಲ್ಲಿ ಕಂಡ ಮೂರನೆಯ ಮಹಡಿಯವರು ಲಿಖಿತ ದೂರು ಕೊಟ್ಟರು.

ಒಂದು ವಾರ ಕಳೆಯಿತು. ನೀರು ಇಪ್ಪತ್ತೈದೂವರೆಗೆ ಇಳಿಯಿತು, ಬಿಳುಪು ಇಳಿಯಲಿಲ್ಲ. ಕೋಡಿನ ಹವಳಗಳ ಮೇಲೆ ಲೋಳೆ ಹರಡಿತು. ಶಾಂಭವಿ ನೋಡಿ ತಲೆಯಾಡಿಸಿದಳು, ಅವು ಹೋಗಿದ್ದವು. ಆ ಸಂಜೆ ನೀಲಪ್ಪ ಮನೆಗೆ ಬಂದು ಗೋಡೆಗೊರಗಿ ಕುಳಿತುಬಿಟ್ಟ.

ಹೆಂಡತಿ ಗೌರಮ್ಮ ಹಾಲು ಕಾಸಿ ಆರಿಸುತ್ತಿದ್ದವಳು, ಮಗ್ಗುಲ ಕೋಣೆಯ ಕಡೆ ಮುಖ ಮಾಡಿ ಕೂಗಿದಳು: “ಬೈರಮ್ಮಾರ, ಒಂದ್ ಚಮಚ ಹೆಪ್ಪು ಕೊಡ್ರಿ! ನಮ್ಮ ಮೊಸರು ಮಧ್ಯಾಹ್ನನ ತೀರಿ ಹೋತು.” ಗೋಡೆಯಾಚೆಯಿಂದ “ತಗೊಳಕ್ಕಾ, ಬಟ್ಲು ವಾಪಸ್ ಕೊಡು ಈ ಸಲನಾದ್ರೂ!” ಎಂಬ ಉತ್ತರದೊಡನೆ ಬಟ್ಟಲೂ ಬಂದಿತು.

“ಯಾಕ ಹಿಂಗ ಕುಂತೀರಿ? ಹವಳ ಇನ್ನೂ ಬೆಳ್ಳಗೈತೇನು?”

“ಬಾಡಿಗಿಯವರು ಬರವಲ್ರು, ಗೌರಿ. ಎಲ್ಲೆದಾರೋ ಏನೋ. ನಾಕು ಗಾಜಿನ ಗ್ವಾಡಿ ಒಳಗ ಎಲ್ಲಿಂದ ಬರಬೇಕು ಅವರರ?”

ಗೌರಮ್ಮ ಹಾಲಿಗೆ ಮೊಸರು ಕಲಸುತ್ತ, “ಬರೇ ಹಾಲು ಇಟ್ಟು ಕುಂತರ ಮೊಸರಾಗ್ತೇತೇನು? ಯಾರ ಮನ್ಯಾಗ ಉಳದೇತೋ ಅವರ ಮನಿಯಿಂದ ಹೆಪ್ಪು ತರಬೇಕು. ಆ ಮೂಲ್ಯಾಗಿಂದು ಒಂದು ಚಲೋ ಐತಿ ಅಂದಿದ್ರೆಲ್ಲ?” ಎಂದಳು.

ನೀಲಪ್ಪ ನೆಟ್ಟಗೆ ಕುಳಿತ. ಬಟ್ಟಲನ್ನೂ ಹೆಂಡತಿಯನ್ನೂ ಬಾರಿಬಾರಿಗೆ ನೋಡಿದ.

ಮರುದಿನ ಅವನ ಮಾತನ್ನು ಫೋನಿನಲ್ಲಿ ಕೇಳಿದ ಶಾಂಭವಿ ಮೊದಲು ನಕ್ಕಳು, ಬಳಿಕ ಯೋಚನೆಗೆ ಬಿದ್ದಳು. “ಹಂಗ ಆಗೇ ಆಗ್ತದ ಅಂತ ನಾ ಆಣಿ ಮಾಡಂಗಿಲ್ಲ. ಆದರ ಚಲೋ ಇರೋ ಹವಳ ದಿನಾ ಒಂದಿಷ್ಟು ಪಾಚಿ ನೀರಿಗೆ ಬಿಡ್ತಿರ್ತದ, ಖಾಲಿ ಇದ್ದವು ಒಳಗ ಕರಕೋಬಹುದು. ಮಾಡ್ರಿ. ಗೌರಮ್ಮಕ್ಕಗ ನನ್ನ ನಮಸ್ಕಾರ ಹೇಳ್ರಿ.”

ನೀಲಪ್ಪ ತೋಳು ಮಡಚಿ ಉಪ್ಪುನೀರಿಗೆ ಕೈಯಿಟ್ಟ. ಖಾಕಿ ಹವಳವನ್ನು ಅದರ ಕಲ್ಲಿನ ಸಮೇತ ಎತ್ತಿ, ಪಂಪಿನ ನೀರು ಮೊದಲು ಹೊರಡುವ ಬಾಯಿಯ ಮುಂದೆ ತಂದು ಕೂರಿಸಿದ. ಅದನ್ನು ಸವರಿಕೊಂಡೇ ನೀರೆಲ್ಲ ಮುಂದೆ ಹೋಗಬೇಕು. ನಾಲ್ಕು ವರ್ಷ ಮೂಲೆಯಲ್ಲಿ ಕುಳಿತಿದ್ದ ಜೀವ ಅಂದು ಮುಂದಿನ ಸಾಲಿಗೆ ಬಂದಿತು.

ದೀಪಾವಳಿ ಬಂದು ಹೋಯಿತು. ನೀಲಪ್ಪ ಊರಿಗೆ ಹೋಗಲಿಲ್ಲ. ಹಬ್ಬದ ದಿನವೂ ಸಂಜೆ ಐದಕ್ಕೆ ಪಿಚಕಾರಿ ಹಿಡಿದು ಹಾಜರಾದ. ರಿಜಿಸ್ಟರಿನಲ್ಲಿ ಶಾಖದ ಮುಂದೆ ‘ಉಂಡವು’ ಎಂದೂ ಬರೆಯತೊಡಗಿದ್ದ. ಹಂಚದೆ ಉಳಿದ ಬನ್ನಿಯ ಎಲೆಗಳು ಅದೇ ರಿಜಿಸ್ಟರಿನ ಹಾಳೆಗಳ ನಡುವೆ ಒಣಗುತ್ತಿದ್ದವು.

ಅಕ್ಟೋಬರ್ ಮೂವತ್ತೊಂದರ ಬೆಳಿಗ್ಗೆ ಒಂಬತ್ತಕ್ಕೆ ಪ್ಲಾಸ್ಟಿಕ್ ಹವಳದ ಪೆಟ್ಟಿಗೆ ಹಾಲಿಗೆ ಬಂದಿಳಿಯಿತು. ಹಳದಿ ಕೆಂಪು ಬಾವುಟದ ಬಂಟಿಂಗು ಕಟ್ಟಲು ಏಣಿಗಳೂ ಬಂದವು. ಅಮರೇಶ್ ತೊಟ್ಟಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದ.

“ಬಿಳಿ ಹೋಗ್ಲಿ, ಈಗ ಕೊಳೆ ಬೇರೆ ಕೂತಿದೆಯಲ್ರೀ! ಆ ಗುಂಡಗಿರೋದರ ಗೆರೆ ಗೆರೆಯಲ್ಲೂ ಕಂದು ಕಂದು!”

ಬಗೆ ಬಗೆಯ ಬ್ರಷ್ಷುಗಳ ಒಡತಿ, ಹೌಸ್‌ಕೀಪಿಂಗಿನ ಪಿಳ್ಳಮ್ಮ, ಕರೆಯುವ ಮೊದಲೇ ಹಾಜರಾಗಿದ್ದಳು. “ಪಾಚಿ ಕಟ್ಟೈತೆ ಸಾ. ಎರಡು ನಿಮ್ಷ, ಉಜ್ಜಿ ಬೆಳ್ಳಗ್ ಮಾಡ್ಕೊಡ್ತೀನಿ,” ಎಂದವಳೇ ಸ್ಟೂಲು ಹತ್ತಿ ಬ್ರಷ್ಷನ್ನು ನೀರಿಗೆ ಇಳಿಸಿಯೇಬಿಟ್ಟಳು.

“ಏ ಪಿಳ್ಳಮ್ಮಾರ! ಕೈ ತಗೀರಿ! ತಗೀರಿ ಅಂದ್ನೆ!”

ನಾಲ್ಕು ವರ್ಷಗಳಲ್ಲಿ ನೀಲಪ್ಪ ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಬಂಟಿಂಗಿನವರು ಏಣಿಯ ಮೇಲೆಯೇ ತಿರುಗಿದರು. ಪಿಳ್ಳಮ್ಮ ಬ್ರಷ್ಷನ್ನು ಎದೆಗವಚಿಕೊಂಡು, “ಅಯ್ಯೋ, ಯಾಕಣ್ಣಾ ಅಂಗ್ ಕಿರುಚ್ತೀಯಾ, ನನ್ ಜೀವ ಓಯ್ತು!” ಎಂದಳು.

“ಅದು ಕೊಳಿ ಅಲ್ರಿ. ಬಾಡಿಗಿಯವರು! ಮೂರು ದಿನ ಆತು, ಬರಾಕ ಹತ್ತ್ಯಾರ!” ನೀಲಪ್ಪನ ಉಸಿರು ಏರಿತ್ತು.

“ನೀಲಪ್ಪ,” ಅಮರೇಶ್ ಸಮಾಧಾನದಿಂದ ಹೇಳಿದ, “ನೀವು ಹೇಳ್ತೀರ ಅಂತ ನಾನು ನಂಬಬಹುದು. ನಾಳೆ ಬರೋ ಆರುನೂರು ಜನಕ್ಕೆ ಏನಂತ ತೋರಿಸಲಿ? ಜೀವ ಇದೆ ಅನ್ನೋಕೆ ಏನಾದ್ರೂ ಗುರುತು ಬೇಡ್ವಾ?”

ನೀಲಪ್ಪ ಪಿಚಕಾರಿಯನ್ನು ಕೈಗೆತ್ತಿಕೊಂಡ. ಬಳಿಕ, “ಉಪವಾಸ ಇದ್ದವರು ಉಣ್ಣಾಕ ಕರದರ ಏಳ್ತಾರ್ರಿ. ಹತ್ತು ನಿಮಿಷ ಕೊಡ್ರಿ,” ಎಂದ.

ಹಸಿರು ಬಲೆಯ ಮೇಲೆ ಕಪ್ಪು ಬಟ್ಟೆಯನ್ನೂ ಎಳೆದು ತೊಟ್ಟಿಗೆ ಸಂಜೆಯನ್ನು ತಂದ. ಪಿಚಕಾರಿಯಿಂದ ಎರಡು ತೊಟ್ಟು ಸೀಗಡಿ ರಸವನ್ನು ನೀರಿಗೆ ಬಿಟ್ಟ. ವಾಸನೆ ಮಾತ್ರ ಹರಡಲಿ ಎಂದು ಕೈಯನ್ನು ಹಿಂದಕ್ಕೆ ತೆಗೆದ. ಕೆಲಸಕ್ಕೆ ಬರುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಲಿಫ್ಟಿನ ಬಾಗಿಲು ತೆರೆಯಿತು, ಮುಚ್ಚಿತು, ಯಾರೂ ಹತ್ತಲಿಲ್ಲ. ಎರಡು ನಿಮಿಷ. ನಾಲ್ಕು ನಿಮಿಷ. ಪ್ಲಾಸ್ಟಿಕ್ ಹವಳ ತಂದಿದ್ದ ಹುಡುಗ ಪೆಟ್ಟಿಗೆಯ ಟೇಪು ಕೀಳಲು ಉಗುರು ಹಾಕಿದ. ಆರು ನಿಮಿಷ.

“ಒಂದ್ ಎದ್ತು!” ಎಂದು ಮೊದಲು ಕೂಗಿದವಳು ಪಿಳ್ಳಮ್ಮ.

ಮೆದುಳಿನಂಥ ಗುಂಡು ಹವಳದ ಅಂಚಿನಲ್ಲಿ, ಆ ಕಂದು ಗೆರೆಯ ಒಳಗಿಂದ, ಮಲ್ಲಿಗೆಯ ಕೇಸರದಷ್ಟು ತೆಳ್ಳಗಿನ ಒಂದು ಬೆರಳು ಹೊರಬಂದು ನೀರನ್ನು ತಡವಿತು. ಅದರ ಪಕ್ಕ ಇನ್ನೊಂದು, ಆಮೇಲೆ ಸಾಲು ಸಾಲಾಗಿ ನೂರಾರು. ಎಲುಬಿನ ಗುಂಡು ಕಲ್ಲು ನೋಡನೋಡುತ್ತಿದ್ದಂತೆ ಹೂವಾಗಿ, ಸಿಕ್ಕಿದ ತುತ್ತನ್ನು ಬಾಯಿಗಿಟ್ಟುಕೊಳ್ಳತೊಡಗಿತು. ಆಚೆಯದೂ ಎದ್ದಿತು. ಅದರಾಚೆಯದೂ.

ಅಮರೇಶನ ಮೂಗು ಗಾಜಿಗೆ ಅಂಟಿಕೊಂಡಿತ್ತು. “ಇದು... ಇದು ಊಟ ಮಾಡ್ತಿದೆಯಲ್ರೀ!”

“ನಿಮ್ಮ ಉಸುರಿಗೆ ಗಾಜು ಮಂಕಾಗ್ತೈತಿ, ಸ್ವಲ್ಪ ಹಿಂದ ಸರೀರಿ ಸಾರ್,” ಎಂದ ನೀಲಪ್ಪ, ಮ್ಯಾನೇಜರನ ಭುಜವನ್ನು ಹಿಡಿದು ಸರಿಸುತ್ತ. ಆ ಭುಜ ಯಾರದೆಂಬುದು ಆ ಗಳಿಗೆಯಲ್ಲಿ ಅವನಿಗೂ ನೆನಪಿರಲಿಲ್ಲ, ಭುಜದವನಿಗೂ ನೆನಪಿರಲಿಲ್ಲ.

ಚಿಕ್ಕಬೈರಪ್ಪ ಚಪ್ಪಾಳೆ ತಟ್ಟಿದ. ಹಾಲಿನಲ್ಲಿದ್ದವರೆಲ್ಲ ತಟ್ಟಿದರು. ಪ್ಲಾಸ್ಟಿಕ್ ಹವಳದ ಪೆಟ್ಟಿಗೆ ಬಿಚ್ಚದೆಯೇ ವಾಪಸ್ಸು ಹೊರಟಿತು. ಏಳು ಬಣ್ಣದ ದೀಪವೊಂದನ್ನಾದರೂ ತನ್ನ ಕ್ಯಾಬಿನ್ನಿಗೆ ಬಿಟ್ಟುಹೋಗಿ ಎಂದು ಚಿಕ್ಕಬೈರಪ್ಪ ಗೇಟಿನ ತನಕ ಚೌಕಾಸಿ ಮಾಡಿದ.

ಮರುದಿನ ರಾಜ್ಯೋತ್ಸವಕ್ಕೆ ಮನೆಮಂದಿಯೆಲ್ಲ ಬಂದರು. ಶಾಂಭವಿಯೂ ಬಂದು, ಮಕ್ಕಳಿಗೆ ಭೂತಗನ್ನಡಿ ಕೊಟ್ಟು ಬಾಡಿಗೆಯವರನ್ನು ತೋರಿಸಿದಳು. ಕೋಡಿನ ಹವಳಗಳು ಬದುಕಲಿಲ್ಲ. ಅವುಗಳ ಬಿಳಿ ಕವಲುಗಳನ್ನು ನೀಲಪ್ಪ ತೆಗೆಯಲೂ ಇಲ್ಲ. ಎರಡು ಮೀನುಗಳು ಅಲ್ಲಿಯೇ ಸಂಸಾರ ಹೂಡಿದ್ದವು.

ಗೌರಮ್ಮ ಇಳಕಲ್ ಸೀರೆಯುಟ್ಟು ಬಂದಿದ್ದಳು. ಎಲ್ಲರೂ ಸುತ್ತುವರಿದಿದ್ದ ಖಾಕಿ ಹವಳವನ್ನು ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು. “ಇದೇನಾ ನಿಮ್ಮ ಹೆಪ್ಪು? ಇಷ್ಟು ಮಂದಿ ನಿಂತು ಫೋಟೋ ಹೊಡೀತಾರ, ನಮ್ಮನಿ ಸಗಣಿ ಕುಳ್ಳಿನ ಬಣ್ಣ ಐತಿ!”

“ಮೆಲ್ಲಕ ಅನ್ನು, ಕೇಳಿಸ್ಕೊಂಡೀತು,” ಎಂದ ನೀಲಪ್ಪ.

ರಿಜಿಸ್ಟರಿನಿಂದ ಒಣಗಿದ ಎಲೆಯೊಂದನ್ನು ತೆಗೆದು ಅವನು ಅಮರೇಶನ ಕೈಗಿಟ್ಟ. “ಒಂದು ತಿಂಗಳು ತಡ ಆತ್ರಿ ಸಾರ್. ಬನ್ನಿ ತಗೊಂಡು ಬಂಗಾರದಂಗ ಇರೋಣ.”

ಅಮರೇಶ್ ಎಲೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮಂಡಿಯೂರಿ ತೊಟ್ಟಿಯ ಕೆಳಗಿನ ಬಾಗಿಲನ್ನು ತೆರೆದು, ಗುರುಗುಟ್ಟುತ್ತಿದ್ದ ಚಿಲ್ಲರಿನ ಸ್ವಿಚ್ಚಿನ ಮೇಲೆ ತಾನೇ ಬರೆದ ಚೀಟಿಯೊಂದನ್ನು ಅಂಟಿಸಿದ: ‘ಈ ಯಂತ್ರಕ್ಕೆ ಪೂಜೆ ಉಂಟು, ರಜೆ ಇಲ್ಲ.’